ಭೂಮಿಯ ನಡುವೆ ನಿಲ್ಲದ ಕಲ್ಲು

ಅಣ್ಣತಮ್ಮಂದಿರ ಮನೆಗಳು ಬದುವಿನ ಜಗಳಕ್ಕೆ ಪಾಲಾಗುತ್ತವೆ, ಓರಗಿತ್ತಿಯರ ಮುನಿಸಿಗೆ ಪಾಲಾಗುತ್ತವೆ. ನಮ್ಮ ಮನೆ ಪಾಲಾದದ್ದು ಒಂದು ಕಲ್ಲಿನ ವಿಷಯಕ್ಕೆ. ಆ ಕಲ್ಲನ್ನು ಯಾರೂ ಕಂಡಿರಲಿಲ್ಲ. ಭೂಮಿಯನ್ನು ಈ ಬದಿಯಿಂದ ಆ ಬದಿಗೆ ನೇರವಾಗಿ ಕೊರೆದು ಒಂದು ಸುರಂಗ ಮಾಡಿ, ಅದರೊಳಗೆ ಒಂದು ಕಲ್ಲು ಬಿಟ್ಟರೆ ಏನಾಗುತ್ತದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಕೇಳಿದರು. ಭೂಮಿಯ ಮಧ್ಯಕ್ಕೆ ಹೋಗಿ ನಿಂತುಬಿಡುತ್ತದೆ ಎಂದು ಉತ್ತರವನ್ನೂ ಅವರೇ ಹೇಳಿದರು. ನಿಲ್ಲುವುದಿಲ್ಲ ಎಂದು ನಾನು ಹೇಳಿದೆ. ಆಗ ನನಗೆ ಹದಿನಾಲ್ಕು ವರ್ಷ. ಇಷ್ಟರಿಂದ ಶುರುವಾದದ್ದು ಒಂದು ತಿಂಗಳೊಳಗೆ ನಮ್ಮ ಮನೆಯ ನಡುವೆ ಗೋಡೆ ಎಬ್ಬಿಸಿತು. ಊರಿನಲ್ಲಿ ಹಳಬರು ಇವತ್ತಿಗೂ ನನ್ನನ್ನು ಸುರಂಗದ ಸರೋಜ ಎಂದೇ ಗುರುತಿಸುತ್ತಾರೆ. ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಮೇಲೂ ಆ ಹೆಸರು ಹೋಗಿಲ್ಲ. ಹೋಗಲಿ ಎಂದು ನಾನೂ ಬಯಸಿಲ್ಲ.

ನಮ್ಮೂರು ದೇವನಹಳ್ಳಿ ಕಡೆಯ ವಿಜಯಪುರಕ್ಕೆ ಎರಡು ಮೈಲಿ, ಶಾಲೆ ಇದ್ದದ್ದೂ ಅಲ್ಲೇ. ಮನೆ ನಾಡಹೆಂಚಿನದು, ಉದ್ದಕ್ಕೆ ರೈಲಿನ ಡಬ್ಬಿಯ ಹಾಗೆ ಚಾಚಿಕೊಂಡಿತ್ತು. ಅದರಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ದೊಡ್ಡ ಪಡಸಾಲೆ ನಮ್ಮದಾಗಿರಲಿಲ್ಲ, ರೇಷ್ಮೆ ಹುಳುಗಳದಾಗಿತ್ತು. ಬಿದಿರಿನ ತಟ್ಟೆಗಳು ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ಏರಿರುತ್ತಿದ್ದವು. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು. ಕೊನೆಯ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಗೋಡೆಯಾಚೆಗೂ ಕೇಳಿಸುತ್ತಿತ್ತು. ಒಣಗಿದ ತರಗಿನ ಮೇಲೆ ಯಾರೋ ಬಿಡದೆ ನಡೆಯುತ್ತಿರುವ ಹಾಗೆ. ಹುಳು ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ತಲೆಗೆ ಘಮ್ಮೆನ್ನುವ ಎಣ್ಣೆ ಹಚ್ಚುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ತಿಂಗಳ ಮೂರು ದಿನ ಹೆಂಗಸರು ಆ ಕಡೆ ತಲೆ ಹಾಕುವಂತಿಲ್ಲ. ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಸದ್ದು ಮಾಡಬಹುದಾದ ದಿನಗಳೇ ಕಡಿಮೆ. ನನಗೆ ಬುದ್ಧಿ ಬಂದಾಗಿನಿಂದ ಎಲ್ಲರೂ ಪಿಸುಗುಡುವುದನ್ನೇ ಕೇಳಿದ್ದೆ. ಪಿಸುಗುಡದೆ ಮಾತಾಡುತ್ತಿದ್ದವರು ದೊಡ್ಡಪ್ಪ ಒಬ್ಬರೇ.

ದೊಡ್ಡಪ್ಪನ ಹೆಸರು ಪಿಳ್ಳಪ್ಪ. ಅಪ್ಪನಿಗಿಂತ ಹನ್ನೆರಡು ವರ್ಷ ದೊಡ್ಡವರು. ಅಜ್ಜ ತೀರಿಕೊಂಡಾಗ ಅಪ್ಪ ಇನ್ನೂ ಚಡ್ಡಿ ಹಾಕಿಕೊಳ್ಳುವ ವಯಸ್ಸಿನವನಂತೆ. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡೇ ದೊಡ್ಡಪ್ಪ ಉಳುಮೆಗೆ ಹೋದವರಂತೆ. ಅವರಿಗೆ ಮಕ್ಕಳಾಗಲಿಲ್ಲ. ಸೊಪ್ಪು ಯಾವ ಹೊತ್ತಿಗೆ ಕೊಯ್ಯಬೇಕು, ಯಾವ ಸೀರೆ ಯಾರಿಗೆ, ಯಾವ ನೆಂಟರ ಮನೆಗೆ ಯಾರು ಹೋಗಬೇಕು ಎಲ್ಲವೂ ಅವರ ಬಾಯಿಂದಲೇ ಬರಬೇಕು. ಕೆಟ್ಟವರಲ್ಲ. ಅವರ ತಟ್ಟೆಗೆ ಮೊದಲು ಮುದ್ದೆ ಬಿದ್ದರೂ ಅರ್ಧ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು. ಆದರೆ ಎದುರುತ್ತರ ಎಂಬುದು ಅವರ ಲೆಕ್ಕದಲ್ಲಿ ಹುಳುಮನೆಗೆ ಹೊಗೆ ಬಿಟ್ಟಷ್ಟೇ ದೊಡ್ಡ ತಪ್ಪು. ಓದು ಬರಹ ಇಲ್ಲದ ದೊಡ್ಡಪ್ಪನನ್ನು ಕೂರಿಸಿಕೊಂಡು ತಾಳ್ಮೆಯಿಂದ ಸಹಿ ಮಾಡುವುದನ್ನು ಕಲಿಸಿದವರು ನಮ್ಮ ವಿಜ್ಞಾನದ ಮೇಷ್ಟ್ರೇ. ಅದಕ್ಕೆ ಮುಂಚೆ ಹೆಬ್ಬೆಟ್ಟು ಒತ್ತುತ್ತಿದ್ದ ದೊಡ್ಡಪ್ಪ, ಸಹಿ ಕಲಿತ ಮೇಲೆ ಬೇಕಿಲ್ಲದ ಕಡೆಯೂ ಸಹಿ ಮಾಡುತ್ತಿದ್ದರು. ನಮ್ಮ ಹುಳುಮನೆಯ ಬಾಗಿಲ ಮೇಲೆ ಸುಣ್ಣದಲ್ಲಿ ಅವರ ಸಹಿ ಇತ್ತು. ಆ ಮೇಷ್ಟ್ರ ಮಾತೆಂದರೆ ಅವರಿಗೆ ಎರಡನೇ ಮಾತಿಲ್ಲ.

ಅಪ್ಪನದು ಬೇರೆಯೇ ಸ್ವಭಾವ. ಆಂಜಿನಪ್ಪ ಎಂದು ಹೆಸರು. ಅಣ್ಣನ ಎದುರು ಕೂತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನಿಂತೇ ಇರುತ್ತಿದ್ದ, ಅದೂ ಬಲಗಾಲಿನ ಮೇಲೆ ಭಾರ ಹಾಕಿ. ಎಡಗಾಲು ಸ್ವಲ್ಪ ಕುಂಟು. ಅದಕ್ಕೆ ಕಾರಣ ಹಿತ್ತಲ ಬಾವಿ. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಹೂಳು ತೆಗೆಯಲು ಅಪ್ಪನೇ ಇಳಿಯುತ್ತಿದ್ದ. ನನಗೆ ಒಂಬತ್ತು ವರ್ಷವಿದ್ದಾಗ ಹಾಗೆ ಇಳಿಯುತ್ತಿರುವಾಗ ಹಗ್ಗ ಕಿತ್ತುಹೋಯಿತು. ನಾನು ಬಾವಿಕಟ್ಟೆಯ ಹತ್ತಿರವೇ ಇದ್ದೆ. ಅಪ್ಪ ಕಿರುಚಲಿಲ್ಲ, ಕೆಳಗೆ ಕೆಸರಿನ ಸದ್ದಷ್ಟೇ ಬಂತು. ದೊಡ್ಡಪ್ಪ ಇನ್ನೊಂದು ಹಗ್ಗ ಬಿಗಿದು ತಾವೇ ಇಳಿದರು. ಅಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಬಂದಾಗ ಅವರ ಎರಡೂ ಅಂಗೈಗಳ ಚರ್ಮ ಸುಲಿದುಹೋಗಿತ್ತು. ಒಂದು ತಿಂಗಳು ದೊಡ್ಡಮ್ಮ ಅವರಿಗೆ ತುತ್ತು ಮಾಡಿ ತಿನ್ನಿಸಿದರು. ಅಂಥ ಅಣ್ಣನಿಗೆ ಅಪ್ಪ ಎದುರಾಡುವುದುಂಟೇ.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಪ್ಪನ ಪಕ್ಕ ಕೂತು ನಾನು ಕೇಳಿದ್ದೆ.

“ಬೀಳೋವಾಗ ಹೆಂಗಿತ್ತಪ್ಪ?”

ಬೇರೆ ಯಾರಾದರೂ ಆಗಿದ್ದರೆ ಗದರುತ್ತಿದ್ದರು. ಅಪ್ಪ ಸೂರು ನೋಡುತ್ತಲೇ ಹೇಳಿದ.

“ಭಾರ ಇರ್ಲಿಲ್ಲ ಕಣವ್ವ. ಮಂಕರಿ ಕೈಯಾಗೇ ಇತ್ತು, ಅದ್ರೊಳಗೆ ಕಬ್ಬಿಣದ ಸನಿಕೆ ಇತ್ತು. ಅದ್ಕೂ ಭಾರ ಇರ್ಲಿಲ್ಲ, ನಂಗೂ ಇರ್ಲಿಲ್ಲ. ಹಕ್ಕಿ ಪುಕ್ಕ ಹಿಡ್ಕಂಡಂಗಿತ್ತು. ಆಮ್ಯಾಕೆ ಕೆಸರು ಬಂತು.”

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೀಳುವುದೆಂದರೆ ಭಾರವಾಗಿ ಕೆಳಗೆ ಹೋಗುವುದು ಎಂದು ತಿಳಿದಿದ್ದವಳಿಗೆ, ಬೀಳುವವನಿಗೇ ಭಾರ ಇಲ್ಲ ಎಂದರೆ ಏನು? ಬಾವಿಗೆ ತಳವೇ ಇಲ್ಲದಿದ್ದರೆ ಅಪ್ಪ ಎಲ್ಲಿಗೆ ಹೋಗುತ್ತಿದ್ದ? ಅಮ್ಮನನ್ನು ಕೇಳಿದರೆ ಅಪಶಕುನ ಆಡಬೇಡ ಎಂದಳು. ಹಾಗಾಗಿ ಐದು ವರ್ಷದ ಮೇಲೆ ಮೇಷ್ಟ್ರು ಆ ಸುರಂಗದ ಪ್ರಶ್ನೆ ಕೇಳಿದಾಗ ತರಗತಿಯಲ್ಲಿ ಉಳಿದವರಿಗೆ ಅದು ಹೊಸದು. ನನಗೆ ಅದು ನಮ್ಮ ಹಿತ್ತಲಿನ ವಿಷಯ.

ಅವತ್ತು ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಇತ್ತು. ಪಾಠ ಮುಗಿದಿತ್ತು. ಮೇಷ್ಟ್ರು ಹಲಗೆಯ ಮೇಲೆ ಒಂದು ಗುಂಡು ಬರೆದು ಅದರ ನಡುವೆ ಮೇಲಿಂದ ಕೆಳಗೆ ಎರಡು ಗೆರೆ ಎಳೆದರು. ಇದು ಭೂಮಿ, ಇದು ಸುರಂಗ, ಕಲ್ಲು ಬಿಟ್ಟೆ, ಏನಾಗುತ್ತೆ ಎಂದರು. ಹಿಂದಿನ ಬೆಂಚಿನವನೊಬ್ಬ ಅಮೆರಿಕದವರ ತಲೆ ಮೇಲೆ ಬೀಳುತ್ತೆ ಎಂದ. ಇನ್ನೊಬ್ಬಳು ಒಳಗಿನ ಬೆಂಕಿಗೆ ಸುಟ್ಟುಹೋಗುತ್ತೆ ಎಂದಳು. ಬೆಂಕಿ ಇಲ್ಲ ಅಂದ್ಕೊಳ್ಳಿ ಎಂದು ಮೇಷ್ಟ್ರು ನಕ್ಕರು. ಆಮೇಲೆ ವಿವರಿಸಿದರು. ಕೆಳಗೆ ಹೋದಷ್ಟೂ ಮೇಲಿನ ಮಣ್ಣು ಹಿಂದಕ್ಕೆ ಎಳೆಯುತ್ತದೆ, ಹಾಗಾಗಿ ಭಾರ ಕಡಿಮೆಯಾಗುತ್ತ ಹೋಗುತ್ತದೆ. ನಡುಮಧ್ಯದಲ್ಲಿ ಎಲ್ಲ ಕಡೆಯಿಂದಲೂ ಒಂದೇ ಸಮ ಎಳೆತ, ಅಂದರೆ ಎಳೆತವೇ ಇಲ್ಲ. ಆದ್ದರಿಂದ ಕಲ್ಲು ಅಲ್ಲಿ ನಿಂತುಬಿಡುತ್ತದೆ. ಬರ್ಕೊಳ್ಳಿ, ಎಂದರು. ಎಲ್ಲರೂ ಬರೆದುಕೊಂಡರು. ನಾನು ಎದ್ದು ನಿಂತೆ.

“ನಿಲ್ಲಲ್ಲ ಸರ್.”

“ಯಾಕಮ್ಮ ನಿಲ್ಲಲ್ಲ? ಅಲ್ಲಿ ಎಳೆಯೋರು ಯಾರಿದ್ದಾರೆ?”

“ಎಳೆಯೋರು ಇಲ್ಲ ಅಂದ್ರೆ ತಡೆಯೋರೂ ಇಲ್ಲ ಅಲ್ವಾ ಸರ್. ಅಲ್ಲಿಗೆ ಬರೋ ಹೊತ್ತಿಗೆ ಅದು ತುಂಬ ಜೋರಾಗಿ ಬರ್ತಿರುತ್ತೆ. ಹಂಗೇ ದಾಟ್ಕೊಂಡು ಹೋಗುತ್ತೆ.”

“ದಾಟ್ಕೊಂಡು ಎಲ್ಲಿಗೆ ಹೋಗುತ್ತೆ?”

“ಆ ಕಡೆ ಬಾಯಿವರೆಗೂ ಹೋಗಿ, ವಾಪಸ್ ಇಲ್ಲಿಗೇ ಬರುತ್ತೆ ಸರ್.”

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು, ಆದರೆ ನಾನು ಕೂರಲಿಲ್ಲ. ನಮ್ಮೂರಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿ ಒಂದು ಮೋರಿ ಇದೆ, ರಸ್ತೆ ಅಲ್ಲಿ ಇಳಿದು ಮತ್ತೆ ಏರುತ್ತದೆ. ರೇಷ್ಮೆಗೂಡಿನ ಮೂಟೆ ಕಟ್ಟಿ ನನ್ನನ್ನೂ ಕೂರಿಸಿಕೊಂಡು ಬರುವಾಗ ಅಪ್ಪ ಇಳಿಜಾರಿನಲ್ಲಿ ಸೈಕಲ್ಲಿನ ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತಿದ್ದ. ಸೈಕಲ್ ಮೋರಿಯ ಹತ್ತಿರ ನಿಲ್ಲುತ್ತಿರಲಿಲ್ಲ. ತಾನಾಗಿಯೇ ಆ ಕಡೆಯ ಏರು ಹತ್ತುತ್ತಿತ್ತು. ಇದನ್ನು ಹೇಳಿದೆ. ಸೈಕಲ್ಲಿಗೂ ಭೂಮಿಗೂ ಏನಮ್ಮ ಸಂಬಂಧ ಎಂದರು ಮೇಷ್ಟ್ರು. ಎರಡಕ್ಕೂ ಅದೇ ಎಳೆತ ಅಲ್ವಾ ಸರ್ ಎಂದೆ. ಅವರ ಮುಖದ ನಗು ಹೋಯಿತು. ಅವರು ಒಳ್ಳೆಯ ಮೇಷ್ಟ್ರು ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು. ಮಳೆಗಾಲದಲ್ಲೂ ಒಂದು ದಿನ ತಪ್ಪಿಸಿದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಎಪ್ಪತ್ತು ಮಕ್ಕಳ ಮುಂದೆ ಒಂದು ಹುಡುಗಿ ಎರಡನೇ ಸಲ ಬಾಯಿ ತೆಗೆದದ್ದು ಅವರಿಗೆ ನುಂಗಲಾಗಲಿಲ್ಲ. ‘ಕಲ್ಲು ಮಧ್ಯದಲ್ಲಿ ನಿಲ್ಲುತ್ತದೆ’ ಎಂದು ಐವತ್ತು ಸಲ ಬರೆದು ತಂದು, ಎಲ್ಲರ ಮುಂದೆ ತಪ್ಪಾಯಿತು ಎನ್ನಬೇಕು. ಅಲ್ಲಿಯವರೆಗೆ ವಿಜ್ಞಾನದ ತರಗತಿಗೆ ಬರುವಂತಿಲ್ಲ ಎಂದರು.

ಮಾರನೆಯ ದಿನ ನಾನು ಏನೂ ಬರೆದುಕೊಂಡು ಹೋಗಲಿಲ್ಲ. ಹೊರಗಿನ ಜಗುಲಿಯಲ್ಲಿ ಕಂಬಕ್ಕೆ ಒರಗಿ ನಿಂತೆ. ಅದರ ಮಾರನೆಯ ದಿನವೂ ನಿಂತೆ. ಒಟ್ಟು ಒಂಬತ್ತು ದಿನ ನಿಂತೆ. ಧೈರ್ಯ ಎಂದು ಈಗ ಯಾರಾದರೂ ಹೊಗಳಿದರೆ ನಗು ಬರುತ್ತದೆ. ಮೊದಲ ಮೂರು ದಿನ ತರಗತಿಯ ಬಾಗಿಲನ್ನೇ ನೋಡುತ್ತಿದ್ದೆ. ನಾನು ಹೇಳಿದ್ದು ತಪ್ಪಿದ್ದರೆ? ಕಂಬಕ್ಕೆ ಒರಗಿ ಅದೊಂದನ್ನೇ ಯೋಚಿಸುತ್ತಿದ್ದೆ. ತಪ್ಪು ಎಂದು ನನಗೇ ಅನ್ನಿಸಿದರೆ ಆ ಕ್ಷಣವೇ ಒಳಗೆ ಹೋಗಿ ಹೇಳಿಬಿಡೋಣ ಎಂದಿತ್ತು. ಅದಕ್ಕೇ ಕಲ್ಲನ್ನು ಮತ್ತೆ ಮತ್ತೆ ಬಿಟ್ಟು ನೋಡಿದೆ, ತಲೆಯೊಳಗೆ. ಸುರಂಗಕ್ಕೆ ಮೆಟ್ಟಿಲುಗಳಿವೆ ಎಂದುಕೊಂಡರೆ, ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಅದರ ವೇಗ ಒಂದಿಷ್ಟು ಹೆಚ್ಚುತ್ತದೆ. ನಡುವೆ ಬಂದಾಗ ಹೆಚ್ಚುವುದು ನಿಲ್ಲುತ್ತದೆ, ವೇಗ ನಿಲ್ಲುವುದಿಲ್ಲ. ದಾಟಿದ ಮೇಲೆ ಹಿಂದಿನಿಂದ ಎಳೆತ ಶುರುವಾಗುತ್ತದೆ. ಬರುವಾಗ ಯಾವ ಯಾವ ಮೆಟ್ಟಿಲಲ್ಲಿ ಎಷ್ಟೆಷ್ಟು ಪಡೆದಿತ್ತೋ ಹೋಗುವಾಗ ಅಷ್ಟಷ್ಟೇ ಕಳೆದುಕೊಳ್ಳಬೇಕು. ಎಲ್ಲ ಕಳೆದುಕೊಳ್ಳುವ ಹೊತ್ತಿಗೆ ಅದು ಆ ಕಡೆಯ ಬಾಯಿಗೆ ಬಂದಿರುತ್ತದೆ. ನಾಲ್ಕನೆಯ ದಿನ ಇದು ಸ್ಪಷ್ಟವಾಯಿತು. ಬಾಗಿಲ ಕಡೆ ನೋಡುವುದನ್ನು ಬಿಟ್ಟೆ. ಆಮೇಲಿನ ಐದು ದಿನ ನಾನು ನಿಂತಿದ್ದು ಬೇರೆ ರೀತಿ.

ಒಂಬತ್ತನೆಯ ದಿನ ಕಳೆದು ಬಂದ ಭಾನುವಾರ ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಓದಿದವಳಲ್ಲ. ನೀನು ಹೇಳಿದ್ದು ನಂಗೆ ಅರ್ಥ ಆಗಂಗೆ ತೋರ್ಸು ಎಂದಳು. ಹಬ್ಬಕ್ಕೆ ಕಜ್ಜಾಯ ಕರಿಯುವ ದೊಡ್ಡ ಬಾಣಲೆಯನ್ನು ಇಳಿಸಿಕೊಂಡು ಅದರ ಅಂಚಿನಿಂದ ಒಂದು ಗಾಜಿನ ಗೋಲಿ ಬಿಟ್ಟೆ. ಗೋಲಿ ಜರ್ರನೆ ಇಳಿದು, ತಳ ದಾಟಿ, ಆ ಕಡೆಯ ಅಂಚಿನ ಹತ್ತಿರದವರೆಗೂ ಏರಿ, ತಿರುಗಿ ನನ್ನ ಕಡೆಗೇ ಬಂತು. ಅಮ್ಮ ಇನ್ನೊಂದು ಸಲ ಬಿಡು ಎಂದಳು. ಆಮೇಲೆ ತಾನೇ ಬಿಟ್ಟಳು. ನಾವಿಬ್ಬರೂ ಬಾಣಲೆಯ ಮೇಲೆ ಬಾಗಿಕೊಂಡಿರುವಾಗ ಬಾಗಿಲಿಗೆ ಬೆಳಕು ಅಡ್ಡವಾಯಿತು. ದೊಡ್ಡಪ್ಪ. ಅವತ್ತು ಸಂತೆಯಲ್ಲಿ ಮೇಷ್ಟ್ರು ಸಿಕ್ಕಿ ನನ್ನ ವಿಷಯ ಹೇಳಿದ್ದರಂತೆ. ದೊಡ್ಡಪ್ಪ ಒಳಗೆ ಬಂದು ಗೋಲಿಯನ್ನೇ ನೋಡುತ್ತ ನಿಂತರು. ಅದು ಹೋಗಿ ಬಂದು, ಹೋಗಿ ಬಂದು, ಒಂದೊಂದು ಸಲಕ್ಕೂ ಸ್ವಲ್ಪ ಸ್ವಲ್ಪ ಕಡಿಮೆ ಏರುತ್ತ, ಕೊನೆಗೆ ತಳದಲ್ಲಿ ನಿಂತಿತು.

“ನಿಂತ್ಕಂತಲ್ಲ,” ಎಂದರು ದೊಡ್ಡಪ್ಪ. “ಮೇಷ್ಟ್ರು ಹೇಳಿದ್ದೂ ಇದನ್ನೇ ತಾನೆ.”

“ಬಾಣಲೆ ಉಜ್ಜಿ ನಿಲ್ಲಿಸ್ತು ದೊಡ್ಡಪ್ಪ. ಉಜ್ಜೋಕೆ ಏನೂ ಇಲ್ದಿದ್ರೆ ನಿಲ್ತಿರ್ಲಿಲ್ಲ. ಮೇಷ್ಟ್ರು, ಕಲ್ಲು ಮಧ್ಯಕ್ಕೆ ಹೋದ ತಕ್ಷಣ ನಿಲ್ಲುತ್ತೆ ಅಂದ್ರು.”

“ನಾಳೆ ಹೋಗಿ ಅವ್ರ ಕಾಲಿಗೆ ಬಿದ್ದು ತಪ್ಪಾಯ್ತು ಅನ್ಬೇಕು.”

“ನಾನು ತಪ್ಪು ಹೇಳಿಲ್ಲ ದೊಡ್ಡಪ್ಪ.”

“ತಪ್ಪು ಹೇಳ್ದೆ ಅಂತ ನಾನೂ ಅನ್ನಲ್ಲ. ಆ ಕಲ್ಲು ನಿಲ್ತದೋ ಬಿಡ್ತದೋ ನಂಗ್ಯಾಕೆ? ಅಕ್ಷರ ಕೊಟ್ಟೋರ ಮುಂದೆ ಬಾಯಿ ಬಿಟ್ಟೆಯಲ್ಲ, ಅದ್ಕೆ. ಅನ್ನಲ್ಲ ಅಂದ್ರೆ ನಾಳಿಂದ ಇಸ್ಕೂಲು ಬೇಡ. ಸೊಪ್ಪು ಕುಯ್ಯೋಕೆ ಹೋಗು.”

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ದೊಡ್ಡಪ್ಪ ಇದನ್ನೇ ಮತ್ತೆ ಹೇಳಿದರು, ಈ ಸಲ ಅಪ್ಪನಿಗೆ ಕೇಳಿಸಲಿ ಎಂದು. ಅಪ್ಪ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಹೊಸಕೋಟೆಯ ಕಡೆಯವರೊಬ್ಬರು ನನ್ನನ್ನು ಮಗನಿಗೆ ಕೇಳಿದ್ದಾರೆಂದೂ, ಎದುರು ಮಾತಾಡುವ ಹುಡುಗಿ ಎಂದು ಹೆಸರು ಬಂದರೆ ಅವರು ಮುಖ ತಿರುಗಿಸುತ್ತಾರೆಂದೂ ದೊಡ್ಡಪ್ಪ ಹೇಳಿದರು. ಆ ವಿಷಯ ನನಗೆ ತಿಳಿದದ್ದೇ ಆಗ. ದೊಡ್ಡಮ್ಮ ನನ್ನ ಕಡೆ ನೋಡಿ, ಒಂದು ಮಾತು ಅಂದುಬಿಡು ಕಣೇ, ಅಂದ್ರೆ ಏನು ಸವೆದೋಯ್ತೀಯ ಎಂದು ಮೆಲ್ಲಗೆ ಹೇಳಿದರು. ನಾನು ಅನ್ನಲ್ಲ ಎಂದೆ. ನನ್ನ ದನಿ ಜೋರಾಗಿತ್ತು. ಹುಳು ಜ್ವರದಲ್ಲಿದ್ದ ದಿನ ಅದು. ದೊಡ್ಡಪ್ಪ ತಟ್ಟೆ ಪಕ್ಕಕ್ಕೆ ಸರಿಸಿದರು.

“ಆಂಜಿನಿ, ನಿನ್ನ ಮಗಳಿಗೆ ಹೇಳು.”

ಅಪ್ಪ ಎದ್ದ. ಕೈ ತೊಳೆದುಕೊಂಡು ಬಂದ. ಅಣ್ಣನ ಎದುರು ಬಂದು, ನನ್ನ ಜೀವಮಾನದಲ್ಲಿ ಮೊದಲ ಸಲ, ಕೂತ.

“ಅವ್ಳು ಅನ್ನಲ್ಲ ಅಂತಾಳೆ ಅಣ್ಣಯ್ಯ. ನಾನು ಅನ್ನಿಸಾಕೆ ಹೋಗಲ್ಲ.”

“ಏನಂದೆ?”

“ನಾಳೆ ನಾನೇ ಅವ್ಳನ್ನ ಇಸ್ಕೂಲಿಗೆ ಕರ್ಕಂಡು ಹೋಯ್ತೀನಿ.”

“ಬಾವಿಯಿಂದ ನಿನ್ನ ಎತ್ಕಂಡು ಬಂದಿದ್ದು ಇದನ್ನ ಕೇಳೋಕೇನ್ಲಾ?”

ಅಪ್ಪನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

“ನೀನು ಎತ್ತಿದ್ದು ಸುಳ್ಳಲ್ಲ. ಸಾಯೋಗಂಟ ನೆನೀತೀನಿ. ಅದ್ಕೆ ನಾನು ಏನು ಬೇಕಾದ್ರೂ ಕೊಡ್ತೀನಿ, ಅವ್ಳ ಬಾಯಿ ಕೊಡಾಕಾಗಲ್ಲ ಅಣ್ಣಯ್ಯ.”

ಈ ಮನೆಯಲ್ಲಿ ಒಂದು ಒಲೆಗೆ ಒಂದೇ ಮಾತು, ಅದು ಬೇಡವಾದರೆ ಬೇರೆ ಒಲೆ ಹೂಡಿಕೋ ಎಂದರು ದೊಡ್ಡಪ್ಪ. ಹೆದರಿಸಲು ಹೇಳಿದ್ದು ಅದು. ಅಪ್ಪ ಹೂಂ ಎಂದುಬಿಟ್ಟ. ಆ ‘ಹೂಂ’ ದೊಡ್ಡಪ್ಪನಿಗೂ ಬೇಕಿರಲಿಲ್ಲ ಎಂದು ಅವರ ಮುಖ ನೋಡಿದ ನನಗೆ ಗೊತ್ತಾಯಿತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ. ಈ ಗುಣ ನನಗೆ ಯಾರಿಂದ ಬಂತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸಂಜೆಯೊಳಗೆ ಅಮ್ಮ ಕೊಟ್ಟಿಗೆಯ ಮಗ್ಗುಲಲ್ಲಿ ಮೂರು ಕಲ್ಲಿಟ್ಟು ಒಲೆ ಹಚ್ಚಿದಳು. ಅವಳಿಗೆ ಅಳು ಬರುತ್ತಿತ್ತು, ಹೊಗೆಯ ಮೇಲೆ ಹಾಕಿದಳು. ಆ ಬೆಳೆಯ ಗೂಡು ಬಿಡಿಸಿದ ಮೇಲೆ ಊರಿನ ನಾಲ್ಕು ಜನ ದೊಡ್ಡವರನ್ನು ಕರೆಸಿ ಪಾಲು ಮಾಡಿಕೊಂಡರು. ತೋಟ ಎರಡಾಯಿತು, ತಟ್ಟೆಗಳು ಎರಡು ರಾಶಿಯಾದವು, ಪಡಸಾಲೆಯ ನಡುವೆ ಮಣ್ಣಿನ ಇಟ್ಟಿಗೆಯ ಗೋಡೆ ಬಂತು. ಪಂಚಾಯಿತಿಗೆ ಬಂದವರಲ್ಲಿ ಒಬ್ಬರು, ಜಗಳ ಯಾವ ವಿಷಯಕ್ಕಪ್ಪ ಎಂದು ಕೇಳಿದರು. ನಾನು ಮೂಲೆಯಿಂದ, ಸುರಂಗದ ವಿಷಯಕ್ಕೆ ಎಂದೆ. ಅಂದಿನಿಂದ ನನಗೆ ಆ ಹೆಸರು.

ಒಲೆ ಬೇರೆಯಾದ ಮಾರನೆಯ ದಿನವೇ ಅಪ್ಪ ಹೇಳಿದ್ದಂತೆ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಂದ. ಒಗೆದ ಪಂಚೆ ಉಟ್ಟಿದ್ದ. ಮೇಷ್ಟ್ರ ಮುಂದೆ ಕೈ ಕಟ್ಟಿ ನಿಂತ. ಮಾತು ಮಾತ್ರ ನೇರವಾಗಿತ್ತು.

“ಮಗು ಎದುರಾಡಿದ್ರೆ ಅದ್ಕೆ ನಾನು ಕೈ ಮುಗೀತೀನಿ ಸ್ವಾಮಿ. ಕಲ್ಲಿನ ವಿಷ್ಯ ನಂಗೆ ತಿಳೀದು. ಅವ್ಳಿಗೆ ಹೆಂಗೆ ತೋರ್ತದೋ ಹಂಗೇ ಬರೀಲಿ. ತಪ್ಪಾದ್ರೆ ಸೊನ್ನೆ ಹಾಕಿ. ಒಳಗೆ ಕೂರಿಸಿ.”

ಮೇಷ್ಟ್ರು ಅಪ್ಪನ ಕಾಲು ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ಒಳಗೆ ಹೋಗು ಎಂದರು. ಅಷ್ಟೇ. ಆ ವರ್ಷವೆಲ್ಲ ಮತ್ತು ಮುಂದಿನ ವರ್ಷವೆಲ್ಲ ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಕೈ ಎತ್ತಿದರೆ ಅವರ ಕಣ್ಣು ನನ್ನನ್ನು ದಾಟಿಕೊಂಡು ಹಿಂದಿನ ಬೆಂಚಿಗೆ ಹೋಗುತ್ತಿತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಹಾಕಿದರು. ನಾನು ಅದೇ ಉತ್ತರ ಬರೆದೆ, ಈ ಸಲ ಚಿತ್ರ ಸಮೇತ, ಒಂದೂವರೆ ಪುಟ. ಕೆಂಪು ಶಾಯಿಯಲ್ಲಿ ಸೊನ್ನೆ ಬಂತು. ಹಾಳೆಯನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಸೊನ್ನೆ ದುಂಡಗೆ ಚೆನ್ನಾಗಿ ಹಾಕಿದ್ದಾರೆ ಎಂದ. ಹತ್ತನೇ ಕ್ಲಾಸಿನ ಪರೀಕ್ಷೆಯ ಹಾಳೆ ನೋಡುವವರು ಬೇರೆಯವರು, ಅದರಲ್ಲಿ ಪಾಸಾದೆ. ಹೊಸಕೋಟೆಯವರು ಮುಖ ತಿರುಗಿಸಿದ್ದರಿಂದ ದೇವನಹಳ್ಳಿಯಲ್ಲಿ ಪಿಯುಸಿಗೆ ಸೇರಲು ಯಾವ ಅಡ್ಡಿಯೂ ಉಳಿದಿರಲಿಲ್ಲ.

ಅಲ್ಲಿ ಭೌತಶಾಸ್ತ್ರಕ್ಕೆ ಒಬ್ಬ ಮೇಡಂ ಇದ್ದರು. ಎರಡನೆಯ ವರ್ಷ ಒಂದು ಬೆಳಿಗ್ಗೆ ಅವರು ಹಲಗೆಯ ಮೇಲೆ ಒಂದು ಗುಂಡು ಬರೆದು, ಅದರ ನಡುವೆ ಮೇಲಿಂದ ಕೆಳಗೆ ಎರಡು ಗೆರೆ ಎಳೆದರು. ನಾನು ಪೆನ್ನು ಕೆಳಗಿಟ್ಟೆ. ಭೂಮಿ ಎಲ್ಲ ಕಡೆ ಒಂದೇ ಸಮ ಗಟ್ಟಿಯಾಗಿದೆ, ಸುರಂಗದಲ್ಲಿ ಗಾಳಿ ಇಲ್ಲ ಎಂದುಕೊಳ್ಳಿ ಎಂದು ಶುರುಮಾಡಿ ಒಂದೊಂದೇ ಸಾಲು ಬರೆದರು. ನಡುಮಧ್ಯದಿಂದ ಎಷ್ಟು ದೂರವೋ ಅಷ್ಟು ಎಳೆತ. ಹಾಗಾಗಿ ಕಲ್ಲು ಉಯ್ಯಾಲೆಯ ಹಾಗೆ ಈ ಕೊನೆಯಿಂದ ಆ ಕೊನೆಗೆ ಹೋಗಿ ಬರುತ್ತಲೇ ಇರುತ್ತದೆ. ಆ ಕಡೆಯ ಬಾಯಿ ಮುಟ್ಟಲು ನಲವತ್ತೆರಡು ನಿಮಿಷ, ವಾಪಸ್ ಬರಲು ಇನ್ನೊಂದು ನಲವತ್ತೆರಡು. ನಡುವೆ ದಾಟುವಾಗ ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರ್ ವೇಗ. ದೇವನಹಳ್ಳಿಯಿಂದ ವಿಜಯಪುರಕ್ಕೆ ಎರಡು ಸೆಕೆಂಡು ಸಾಕು. ಸುರಂಗ ನಡುಮಧ್ಯಕ್ಕೇ ಹೋಗಬೇಕೆಂದೂ ಇಲ್ಲ, ಇಲ್ಲಿಂದ ಹೊಸಕೋಟೆಗೆ ನೆಲದೊಳಗೆ ನೇರ ಕೊರೆದು ಕಲ್ಲನ್ನು ಉಜ್ಜದ ಹಾಗೆ ಜಾರಿಬಿಟ್ಟರೂ ಅದೇ ನಲವತ್ತೆರಡು ನಿಮಿಷ ಎಂದರು. ಬಸ್ಸಿಗಿಂತ ಬೇಗ ಎಂದು ಯಾರೋ ನಕ್ಕರು. ನಾನು ಬರೆದುಕೊಳ್ಳಲಿಲ್ಲ. ಬರೆಯಲು ಕಾಣಿಸುತ್ತಿರಲಿಲ್ಲ. ಪಕ್ಕದವಳು ಯಾಕೆ ಅಳ್ತಿದೀಯ ಎಂದು ಕೇಳಿದಳು. ನಮ್ಮ ಮನೆಯ ಪಾಲುಪತ್ರವನ್ನು ಯಾರೋ ಹಲಗೆಯ ಮೇಲೆ ಬರೆದಂತಿತ್ತು.

ತರಗತಿ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, ಗಾಳಿ ಇದ್ದರೆ ಏನಾಗುತ್ತೆ ಎಂದು ಕೇಳಿದೆ. ಗಾಳಿ ಉಜ್ಜುತ್ತದೆ, ಕಲ್ಲು ಆ ಬಾಯಿಯನ್ನು ಮುಟ್ಟುವುದಿಲ್ಲ, ಹೋಗಿ ಬಂದು ಕಡಿಮೆಯಾಗುತ್ತ ಕೊನೆಗೆ ನಡುಮಧ್ಯದಲ್ಲೇ ನಿಲ್ಲುತ್ತದೆ ಎಂದರು. ಬಾಣಲೆಯ ಗೋಲಿ ಮಾಡಿದ್ದೂ ಅದನ್ನೇ. ಅಂದರೆ ಮೇಷ್ಟ್ರ ಕಲ್ಲು ಕೊನೆಗೆ ನಿಲ್ಲುವ ಜಾಗ ಸರಿಯಾಗಿತ್ತು, ಅದು ನಿಲ್ಲುವ ಕಾರಣ ತಪ್ಪಾಗಿತ್ತು. ಇದನ್ನು ಮುಚ್ಚಿಟ್ಟು ನಾನು ಪೂರ್ತಿ ಗೆದ್ದೆ ಎಂದು ಬರೆದುಕೊಳ್ಳುವುದು ನನಗೆ ಇಷ್ಟವಿಲ್ಲ.

ಅದೇ ವಾರ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕರು. ತರಕಾರಿ ಚೀಲ ಹಿಡಿದು ನಿಂತಿದ್ದರು. ನಾನು ನಮಸ್ಕಾರ ಮಾಡಿ ನೋಟ್ ಬುಕ್ಕಿನ ಆ ಪುಟ ತೆರೆದು ಕೊಟ್ಟೆ. ಪಕ್ಕದವಳ ಪುಸ್ತಕ ನೋಡಿ ನಿಧಾನವಾಗಿ ಬರೆದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು, ಎರಡು ಸಲ.

“ಗಾಳಿ ಇರುತ್ತಲ್ಲಮ್ಮ,” ಎಂದರು.

“ಹೌದು ಸರ್. ಗಾಳಿ ಇದ್ರೆ ಕೊನೆಗೆ ನಿಲ್ಲುತ್ತೆ. ನೀವು ಅವತ್ತು ಗಾಳಿ ಅಂತ ಹೇಳ್ಲಿಲ್ಲ.”

“ಹೇಳ್ಲಿಲ್ಲ,” ಎಂದು ಒಪ್ಪಿಕೊಂಡರು. ಪುಸ್ತಕ ಮಡಿಸಿ ಕೊಟ್ಟರು. “ಲೆಕ್ಕ ಬಿಡು. ದೊಡ್ಡೋರು ಹೇಳುವಾಗ ನಡುವೆ ಎದ್ದು ನಿಂತ್ಕೊಂಡೆ ನೋಡು, ಅದಕ್ಕಾದ್ರೂ ತಪ್ಪಾಯ್ತು ಅನ್ನಮ್ಮ. ಇಬ್ಬರ ಮನಸ್ಸೂ ಹಗುರ ಆಗುತ್ತೆ.”

ಅವರ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಒಂದು ಮಾತು ಅಂದಿದ್ದರೆ ನನಗೇನೂ ಸವೆಯುತ್ತಿರಲಿಲ್ಲ. ಆದರೂ ಒಂಬತ್ತು ದಿನ ಕಂಬದ ಹತ್ತಿರ ನಿಂತವಳು ನಾನು. ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣನಿಂದ ಬೇರೆಯಾದವನು ನಮ್ಮಪ್ಪ.

“ಅನ್ನಲ್ಲ ಸರ್,” ಎಂದೆ.

ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ಹೊರಡುವಾಗ ಒಂದು ಸಲ ನನ್ನ ಕಡೆ ನೋಡಿದರು. ನಾನು ಕೈ ಮುಗಿದೆ.

ಮನೆಗೆ ಬಂದಾಗ ಅಪ್ಪ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ನ್ಯಾಯವಾಗಿ ನಾನು ಕುಣಿಯುತ್ತ ಓಡಬೇಕಿತ್ತು. ಬದುವಿನ ಮೇಲೆ ಕೂತು ನಿಧಾನವಾಗಿ ಹೇಳಿದೆ: ಕಲ್ಲು ವಾಪಸ್ ಬರುತ್ತೆ ಅಪ್ಪ, ಎಂಬತ್ತನಾಲ್ಕು ನಿಮಿಷಕ್ಕೆ ವಾಪಸ್ ಬರುತ್ತೆ, ಕಾಲೇಜಿನ ಮೇಡಂ ಲೆಕ್ಕ ಮಾಡಿ ತೋರಿಸಿದರು, ನಾನು ಹೇಳಿದ್ದು ಸರಿ. ಅಪ್ಪ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

“ಸರಿಯೋ ತಪ್ಪೋ ನಂಗೇನು ಗೊತ್ತಿತ್ತು,” ಎಂದ. “ನೀನು ಸುಳ್ಳು ಹೇಳ್ತಿಲ್ಲ ಅಂತ ಗೊತ್ತಿತ್ತು.”

ಎದ್ದು ಹೋಗಿ ಅವನ ಪಕ್ಕದ ಸಾಲಿನಲ್ಲಿ ನಾನೂ ಕೊಯ್ಯಲು ನಿಂತೆ. ಒಂದು ಸಾಲು ಮುಗಿಯಿತು. ಆಮೇಲೆ ಅಪ್ಪ ಕೇಳಿದ.

“ನಮ್ಮೂರಾಗೆ ಕೊರೆದ್ರೆ ಆ ಕಡೆ ಯಾವ ಊರು ಸಿಗ್ತದೆ?”

“ಊರಿಲ್ಲ ಅಪ್ಪ. ಸಮುದ್ರ.”

ಅಪ್ಪನ ಕೈ ನಿಂತಿತು. ನೆಟ್ಟಗೆ ನಿಂತು ನನ್ನನ್ನು ನೋಡಿದ.

“ಸಮುದ್ರ ಆದ್ರೆ ನೀರು ಒಳಗೆ ನುಗ್ಗಲ್ವಾ? ತೂತೆಲ್ಲ ನೀರು ತುಂಬ್ಕಂತದೆ. ಕಲ್ಲು ಎಲ್ಲಿಂದ ವಾಪಸ್ ಬತ್ತದೆ?”

“ನೀರು ಬರಲ್ಲ ಅಂದ್ಕೋಬೇಕು ಅಪ್ಪ.”

“ಯಾಕೆ ಅಂದ್ಕಬೇಕು? ಬಾವಿ ತೋಡೋನು ನಾನು. ನೀರು ಬರೋ ಜಾಗದಾಗೆ ಬಂದೇ ಬತ್ತದೆ. ನಿಮ್ಮ ಮೇಡಮ್ಮು ನೀರಿನ ಲೆಕ್ಕ ಹಾಕವ್ರಾ?”

“ಆ ಬಾಯಿಗೆ ಕಟ್ಟೆ ಕಟ್ಟಿದಾರೆ ಅಂದ್ಕೋ.”

“ಸಮುದ್ರದೊಳಗೆ ಯಾರು ಕಟ್ಟೆ ಕಟ್ಟೋರು?”

ನಾನು ಕುಡುಗೋಲು ಕೆಳಗಿಟ್ಟೆ. ಅಪ್ಪನೂ ಇಟ್ಟ. ನೆಲದ ಮೇಲೆ ಕಡ್ಡಿಯಿಂದ ಗುಂಡು ಬರೆದೆ. ಅಪ್ಪ ಅದರ ಒಂದು ಬದಿಗೆ ಸಮುದ್ರ ಬರೆದ. ನಮ್ಮೂರು ಸಮುದ್ರಕ್ಕಿಂತ ಎತ್ತರದಲ್ಲಿದೆ, ಹಾಗಾಗಿ ಕಲ್ಲು ಆ ಕಡೆ ನೀರಿನ ಮಟ್ಟಕ್ಕಿಂತ ಅರ್ಧ ಮೈಲಿಗೂ ಮೇಲೆ ಚಿಮ್ಮಿ ಮತ್ತೆ ಸುರಂಗದ ಬಾಯಿಗೇ ಬೀಳುತ್ತೆ ಎಂದು ನಾನು ವಾದಿಸಿದೆ. ಚಿಮ್ಮೋ ಮುಂಚೆ ನೀರಾಗೆ ಮುಳುಗಿರ್ತದೆ ಎಂದು ಅವನು ವಾದಿಸಿದ. ಅಮ್ಮ ಹುಳುವಿಗೆ ಸೊಪ್ಪು ಎಲ್ಲಿ ಎಂದು ಮನೆಯಿಂದ ಕೂಗುತ್ತಲೇ ಇದ್ದಳು. ಅಪ್ಪ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ.